ಕೋಡ್ ಬಂದ ಕೂಡಲೇ ಸೆನ್ಸರ್ ಬದಲಿಸಬೇಕೆ?

ಓದುಗರ ವಾಹನ ಪ್ರಶ್ನೆಗಳು

ಮಳೆಗಾಲ ಮುಗಿಯುತ್ತಿದ್ದಂತೆ ಮುಂಬಯಿ, ಪುಣೆ ಮತ್ತು ಗೋವೆಯ ಓದುಗರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಹಳೆಯ ಕಾರುಗಳ ವೈರಿಂಗ್ ಮತ್ತು ಸೆನ್ಸರ್‌ಗಳ ಕುರಿತೇ ಇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಬಿಟ್ಟು ನಾಲ್ಕನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ಉತ್ತರಗಳಲ್ಲಿ ಹೇಳಿರುವ ಹೆಚ್ಚಿನ ಪರೀಕ್ಷೆಗಳಿಗೆ ದುಬಾರಿ ಸಲಕರಣೆಯೇನೂ ಬೇಕಾಗಿಲ್ಲ. ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಒಂದಿದ್ದರೆ ಸಾಕು.

ಪ್ರಶ್ನೆ: ನನ್ನದು 2007ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 2012ರಲ್ಲಿ ಹೊರಗಡೆ ಸಿಎನ್‌ಜಿ ಕಿಟ್ ಹಾಕಿಸಿದ್ದೇನೆ. ಕೆಲವು ತಿಂಗಳುಗಳಿಂದ ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ, ಅದರಲ್ಲೂ ಹಡಪ್ಸರದ ಟ್ರಾಫಿಕ್‌ನಲ್ಲಿ ನಿಂತು ನಿಂತು ಸಾಗುವಾಗ, ಎಂಜಿನ್ ಒಮ್ಮೆಲೇ ಬಂದ್ ಆಗುತ್ತದೆ. ಎಷ್ಟು ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ. ಬಾನೆಟ್ ತೆರೆದು ಅರ್ಧ ಗಂಟೆ ನಿಲ್ಲಿಸಿದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಪೆಟ್ರೋಲ್‌ನಲ್ಲೂ ಗ್ಯಾಸ್‌ನಲ್ಲೂ ಇದೇ ಕಥೆ. ಮೊದಲು ಗ್ಯಾರೇಜಿನವರು ಗಾಡಿಯ ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪ್ ಬದಲಿಸಿದರು. ಅನಂತರ ಸ್ಕ್ಯಾನರ್ ಹಾಕಿ, ಪಿ0335 ಎಂಬ ದೋಷದ ಕೋಡ್ ಬಂದಿದೆಯೆಂದು ಕ್ರ್ಯಾಂಕ್ ಸೆನ್ಸರ್ ಬದಲಿಸಿದರು. ಎರಡು ವಾರ ಸರಿಯಿತ್ತು, ಈಗ ಮತ್ತೆ ಶುರುವಾಗಿದೆ. ದೀಪಾವಳಿಗೆ ಸೋಲಾಪುರದ ಮೇಲೆ ವಿಜಯಪುರಕ್ಕೆ ಹೋಗಬೇಕು. ಈ ಗಾಡಿಯನ್ನು ನಂಬಬಹುದೆ?
– ಓದುಗರೊಬ್ಬರು, ಚಿಂಚವಾಡ, ಪುಣೆ

ಉತ್ತರ: ಪೆಟ್ರೋಲ್ ಪಂಪ್ ಬದಲಿಸುವ ಅಗತ್ಯವೇ ಇರಲಿಲ್ಲ. ಗ್ಯಾಸ್‌ನಲ್ಲಿ ಓಡುವಾಗ ಎಂಜಿನ್ನಿಗೆ ಆ ಪಂಪಿನಿಂದ ಏನೂ ಬೇಕಾಗಿಲ್ಲ. ಆಗಲೂ ಗಾಡಿ ಅದೇ ರೀತಿ ನಿಲ್ಲುತ್ತದೆ ಎಂದಾದರೆ ದೋಷವು ಎರಡೂ ಇಂಧನಗಳಿಗೆ ಸಮಾನವಾದ ಭಾಗದಲ್ಲಿರಬೇಕು, ಅಂದರೆ ಕಿಡಿಯ ವ್ಯವಸ್ಥೆಯಲ್ಲಿ, ಅದನ್ನು ನಡೆಸುವ ಇಸಿಯುವಿನಲ್ಲಿ (ಎಂಜಿನ್ನಿನ ಕಂಪ್ಯೂಟರ್) ಅಥವಾ ಇಸಿಯುವಿಗೆ ಬರುವ ವಿದ್ಯುತ್ತು ಮತ್ತು ಸಂಕೇತಗಳಲ್ಲಿ. ಎರಡು ಇಂಧನದ ಗಾಡಿ ಇಟ್ಟುಕೊಂಡವರಿಗೆ ಖರ್ಚಿಲ್ಲದೆ ಸಿಗುವ ಈ ಪರೀಕ್ಷೆಯನ್ನು ಎಷ್ಟೋ ಗ್ಯಾರೇಜುಗಳು ಕೇಳಿಯೂ ನೋಡುವುದಿಲ್ಲ.

ಕ್ರ್ಯಾಂಕ್ ಸೆನ್ಸರ್‌ನ ಎದುರಿಗೆ ಹಲ್ಲುಗಳುಳ್ಳ ಒಂದು ಉಕ್ಕಿನ ಚಕ್ರ ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್‌ನ ಜೊತೆಗೇ ತಿರುಗುತ್ತಿರುತ್ತದೆ. ಹಲ್ಲುಗಳ ಸಾಲಿನಲ್ಲಿ ಬೇಕೆಂದೇ ಒಂದೆರಡನ್ನು ಬಿಟ್ಟಿರುತ್ತಾರೆ. ಆ ಖಾಲಿ ಜಾಗ ಹಾದುಹೋದದ್ದನ್ನು ನೋಡಿ ಪಿಸ್ಟನ್ ಎಲ್ಲಿದೆಯೆಂದು ಇಸಿಯು ಲೆಕ್ಕ ಹಾಕುತ್ತದೆ. ನಿಮ್ಮ ಗಾಡಿಯ ಕಾಲದ ಬಹುಪಾಲು ಎಂಜಿನ್‌ಗಳಲ್ಲಿ ಈ ಸಂಕೇತ ತಪ್ಪಿದರೆ ಕಿಡಿಯೂ ಇಲ್ಲ, ಇಂಜೆಕ್ಟರ್ ತೆರೆಯುವುದೂ ಇಲ್ಲ. ಆದ್ದರಿಂದ ಗ್ಯಾರೇಜಿನವರು ಹಿಡಿದ ದಾರಿ ತಪ್ಪೆಂದು ಹೇಳಲಾರೆ. ಆದರೆ ಪಿ0335 ಎಂಬ ಕೋಡ್ ಹೇಳುವುದು ಕ್ರ್ಯಾಂಕ್ ಸೆನ್ಸರ್‌ನ ಸರ್ಕ್ಯೂಟಿನಲ್ಲಿ ದೋಷವಿದೆ ಎಂದಷ್ಟೇ. ಆ ಸರ್ಕ್ಯೂಟಿನಲ್ಲಿ ಸೆನ್ಸರ್ ಒಂದು ತುಂಡು ಮಾತ್ರ. ಅದಕ್ಕೆ ವೈರನ್ನು ಸಿಕ್ಕಿಸುವ ಕಪ್ಲರ್, ಎಂಜಿನ್ನಿನ ಬಿಸಿಯ ಪಕ್ಕದಲ್ಲೇ ಹಾದು ಹೋಗುವ ವೈರುಗಳು, ಇಸಿಯುವಿನ ಪಿನ್, ಇವೆಲ್ಲವೂ ಅದೇ ಸರ್ಕ್ಯೂಟಿಗೆ ಸೇರಿದವು.

ಹೊಸ ಸೆನ್ಸರ್ ಹಾಕಿದ ಮೇಲೆ ಎರಡು ವಾರ ಸರಿಯಿದ್ದು ಮತ್ತೆ ಕೆಟ್ಟಿತೆಂಬ ನಿಮ್ಮ ಮಾತು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಸೆನ್ಸರ್ ಬದಲಿಸುವಾಗ ಕಪ್ಲರನ್ನು ಕಳಚಿ ಮತ್ತೆ ಒತ್ತಿ ಕೂರಿಸಿರುತ್ತಾರೆ. ಆ ತಿಕ್ಕಾಟದಲ್ಲಿ ಪಿನ್ನಿನ ಮೇಲಿದ್ದ ಕಿಲುಬು ಕೊಂಚ ಕೆರೆದು ಹೋಗಿ, ಕೆಲವು ದಿನ ಒಳ್ಳೆಯ ಸಂಪರ್ಕ ಸಿಕ್ಕಿರಬಹುದು. ಹಾಗಿದ್ದರೆ ಗುಣ ಕೊಟ್ಟದ್ದು ಸೆನ್ಸರ್ ಅಲ್ಲ, ಕಪ್ಲರ್ ಕಳಚಿದ ಕೆಲಸ. ಇನ್ನೊಂದು ಸಾಧ್ಯತೆಯೆಂದರೆ, ಹಾಕಿದ ಸೆನ್ಸರೇ ನಕಲಿಯಾಗಿದ್ದು ಬಿಸಿ ತಡೆಯಲಾರದೆ ಸೋತಿರುವುದು. ಇವೆರಡರಲ್ಲಿ ಯಾವುದೆಂದು ಊಹಿಸುವ ಬದಲು ಅಳೆದು ನೋಡಬಹುದು.

ಮೊದಲು, ಗಾಡಿ ನಿಲ್ಲುವ ಕ್ಷಣದಲ್ಲಿ ಎರಡು ಸಂಗತಿಗಳನ್ನು ಗಮನಿಸಿ. ಗೇರಿನಲ್ಲಿರುವಾಗಲೇ ಎಂಜಿನ್ ಸತ್ತು, ಕಾರು ಇನ್ನೂ ಉರುಳುತ್ತಿರುವಾಗಲೇ ಆರ್‌ಪಿಎಂ ಮುಳ್ಳು ಒಮ್ಮೆಲೇ ಸೊನ್ನೆಗೆ ಬಿದ್ದರೆ, ಎಂಜಿನ್ ತಿರುಗುತ್ತಿದ್ದರೂ ಆ ವಿಷಯ ಇಸಿಯುವಿಗೆ ತಲುಪುತ್ತಿಲ್ಲವೆಂದು ತಿಳಿಯಬೇಕು. ಇಂಧನದ ಕೊರತೆಯಾಗಿದ್ದರೆ ಗಾಡಿ ಜರ್ಕ್ ಹೊಡೆಯುತ್ತಾ, ಮುಳ್ಳು ವೇಗದೊಂದಿಗೆ ಮೆಲ್ಲಗೆ ಇಳಿಯುತ್ತದೆ. ನಿಂತ ಮೇಲೆ ಕೀಲಿಯನ್ನು ಆಫ್ ಮಾಡಿ ಮತ್ತೆ ಆನ್ ಮಾಡಿದಾಗ ಚೆಕ್ ಎಂಜಿನ್ ದೀಪ ಎಂದಿನಂತೆ ಹೊತ್ತಿಕೊಳ್ಳುತ್ತದೆಯೇ ನೋಡಿ. ಆ ದೀಪವೇ ಹೊತ್ತದಿದ್ದರೆ ಇಸಿಯುವಿಗೆ ವಿದ್ಯುತ್ತೇ ಬರುತ್ತಿಲ್ಲವೆಂದು ಅನುಮಾನಿಸಬೇಕು. ಆಗ ಸೆನ್ಸರ್ ಬಿಟ್ಟು, ಇಸಿಯುವಿಗೆ ವಿದ್ಯುತ್ತು ಹಾಯಿಸುವ ಸ್ವಿಚ್ಚಾದ ಮೇನ್ ರಿಲೇ, ಫ್ಯೂಸ್ ಮತ್ತು ಕೀಲಿಯ ಹಿಂದಿರುವ ಸ್ವಿಚ್ಚನ್ನು ಹುಡುಕಬೇಕು. ಹಳೆಯ ರಿಲೇಯೊಳಗಿನ ಬೆಸುಗೆ ಬಿರುಕು ಬಿಟ್ಟಿದ್ದರೆ ಅದೂ ಬಿಸಿಯಾದಾಗ ಬಿಟ್ಟು, ತಣಿದಾಗ ಹಿಡಿದು, ನೀವು ಬರೆದಂಥದೇ ಲಕ್ಷಣ ತೋರಿಸುತ್ತದೆ.

ದೀಪ ಹೊತ್ತಿಕೊಂಡರೆ ಅಳತೆಗೆ ಬನ್ನಿ. ಸೆನ್ಸರ್‌ಗೆ ಎರಡೇ ವೈರುಗಳಿದ್ದರೆ, ಅಥವಾ ಎರಡರ ಜೊತೆಗೆ ಒಂದು ಶೀಲ್ಡ್ ವೈರ್ ಇದ್ದರೆ, ಅದು ಸಾಮಾನ್ಯವಾಗಿ ಅಯಸ್ಕಾಂತ ಮತ್ತು ತಾಮ್ರದ ಸುರುಳಿಯ ಸರಳ ಸೆನ್ಸರ್; ಕಪ್ಲರ್ ಕಳಚಿ ಅದರ ರೋಧವನ್ನು ಅಳೆಯಬಹುದು. ಮಾದರಿಯಿಂದ ಮಾದರಿಗೆ ಅಂಕಿ ಬೇರೆಯಾಗುವುದರಿಂದ, ಒಮ್ಮೆ ತಣ್ಣಗಿದ್ದಾಗ, ಇನ್ನೊಮ್ಮೆ ಗಾಡಿ ನಿಂತುಹೋದ ಕೂಡಲೇ ಅಳೆದು ಎರಡನ್ನೂ ಹೋಲಿಸುವುದೇ ಸರಿಯಾದ ಕ್ರಮ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು ಶೇ. 0.4ರಷ್ಟು ಏರುತ್ತದೆ, ತಣ್ಣಗೆ 600 ಓಮ್ ಇದ್ದದ್ದು 60 ಡಿಗ್ರಿ ಹೆಚ್ಚು ಬಿಸಿಯಾದಾಗ 740ರ ಆಸುಪಾಸಿಗೆ ಬಂದರೆ ಅದು ಸಹಜ. ಹಾಗಲ್ಲದೆ ಮೀಟರ್ ಒಮ್ಮೆಲೇ ಸಾವಿರಾರು ಓಮ್ ತೋರಿಸಿದರೆ ಅಥವಾ ಓದುವುದನ್ನೇ ನಿಲ್ಲಿಸಿದರೆ ಸುರುಳಿ ಬಿಸಿಯಲ್ಲಿ ತುಂಡಾಗುತ್ತಿದೆ. ಹೊಸದಾಗಿದ್ದರೂ ಆ ಸೆನ್ಸರ್ ಕೆಟ್ಟದ್ದೇ. ಒಳಗೆ ಎಲೆಕ್ಟ್ರಾನಿಕ್ ಚಿಪ್ ಇದ್ದು ಮೂರೂ ವೈರುಗಳು ಕೆಲಸಕ್ಕೆ ಬರುವ ‘ಹಾಲ್’ (Hall) ಮಾದರಿಯದಾದರೆ ಓಮ್ ಅಳೆಯಲು ಹೋಗಬೇಡಿ. ಅದಕ್ಕೆ ಬರುವ ವಿದ್ಯುತ್ತು, ಅರ್ಥಿಂಗ್ ಮತ್ತು ಅದು ಕೊಡುವ ಸಂಕೇತವನ್ನು ನೋಡಬೇಕು.

ಬಿಸಿಯಲ್ಲೂ ಸೆನ್ಸರ್ ಸರಿಯಿದ್ದರೆ, ಬ್ಯಾಟರಿಯ ನೆಗೆಟಿವ್ ಕಳಚಿ, ಇಸಿಯುವಿನ ಕಪ್ಲರನ್ನೂ ಬಿಡಿಸಿ, ಆ ತುದಿಯಿಂದ ಅದೇ ರೋಧವನ್ನು ಅಳೆಯುತ್ತಾ ಇನ್ನೊಬ್ಬರಿಂದ ವೈರಿಂಗನ್ನು ಉದ್ದಕ್ಕೂ ಮೆಲ್ಲಗೆ ಅಲುಗಾಡಿಸಿ. ಎಲ್ಲಿ ಅಲುಗಿಸಿದಾಗ ಅಂಕಿ ಹಾರುತ್ತದೋ ಅಲ್ಲೇ ರೋಗ. ದಪ್ಪ ಪ್ರೋಬನ್ನು ಹೆಣ್ಣು ಪಿನ್ನಿನೊಳಗೆ ತುರುಕಬೇಡಿ. ಪಿನ್ ಅಗಲವಾಗಿ ಹೊಸ ದೋಷ ಹುಟ್ಟುತ್ತದೆ. ವೈರಿಗೆ ಗುಂಡುಸೂಜಿ ಚುಚ್ಚಿ ನೋಡುವ ಅಭ್ಯಾಸವೂ ಬೇಡ. ಆ ತೂತಿನಿಂದ ನೀರು ಒಳಗಿಳಿದು ಮುಂದಿನ ಮಳೆಗಾಲಕ್ಕೆ ತಾಮ್ರ ಕಪ್ಪಾಗುತ್ತದೆ.

ನನ್ನ ಮುಖ್ಯ ಅನುಮಾನವಿರುವುದು ನಿಮ್ಮ ಸಿಎನ್‌ಜಿ ಕಿಟ್‌ನ ಮೇಲೆ. ಗ್ಯಾಸ್ ಪೆಟ್ರೋಲ್‌ಗಿಂತ ನಿಧಾನವಾಗಿ ಉರಿಯುವುದರಿಂದ ಕಿಡಿಯನ್ನು ಸ್ವಲ್ಪ ಮೊದಲೇ ಕೊಡಲೆಂದು ಕೆಲವು ಕಿಟ್‌ಗಳ ಜೊತೆ ಟೈಮಿಂಗ್ ಅಡ್ವಾನ್ಸರ್ ಎಂಬ ಪುಟ್ಟ ಪೆಟ್ಟಿಗೆಯನ್ನು ಜೋಡಿಸುತ್ತಾರೆ. ಅದನ್ನು ಕೂರಿಸಲು ಹಲವು ಕಾರುಗಳಲ್ಲಿ ಕ್ರ್ಯಾಂಕ್ ಸೆನ್ಸರ್‌ನ ವೈರನ್ನೇ ಕತ್ತರಿಸಿ, ಸಂಕೇತವನ್ನು ಪೆಟ್ಟಿಗೆಯ ಮೂಲಕ ಹಾಯಿಸಿ ಇಸಿಯುವಿಗೆ ಕೊಡುತ್ತಾರೆ. ಹತ್ತಕ್ಕಿಂತ ಹೆಚ್ಚು ವರ್ಷಗಳ ಹಿಂದೆ ಹೆಣೆದು, ಮೇಲೆ ಇನ್ಸುಲೇಷನ್ ಟೇಪ್ ಸುತ್ತಿದ ಜೋಡಣೆ ಈಗ ಹೇಗಿರಬಹುದೆಂದು ಯೋಚಿಸಿ: ಟೇಪಿನ ಅಂಟು ಕರಗಿ ಜಾರಿರುತ್ತದೆ, ಒಳಗಿನ ತಾಮ್ರ ಹಸಿರು ಕಿಲುಬು ಹಿಡಿದಿರುತ್ತದೆ, ಮತ್ತು ಪೆಟ್ರೋಲ್‌ನಲ್ಲಿ ಓಡುವಾಗಲೂ ಸಂಕೇತ ಅದೇ ಜೋಡಣೆಯನ್ನು ದಾಟಿಯೇ ಬರಬೇಕಾಗಿರುತ್ತದೆ. ಆದ್ದರಿಂದ ಕಿಟ್ ಕೆಲಸ ಬಲ್ಲ ಎಲೆಕ್ಟ್ರಿಷಿಯನ್‌ರಿಂದ ಆ ಪೆಟ್ಟಿಗೆಯನ್ನು ತಾತ್ಕಾಲಿಕವಾಗಿ ತೆಗೆಸಿ, ಕತ್ತರಿಸಿದ ವೈರನ್ನು ನೇರವಾಗಿ ಬೆಸುಗೆ ಹಾಕಿಸಿ, ಹೀಟ್ ಶ್ರಿಂಕ್ ಸ್ಲೀವ್ ಏರಿಸಿ ಓಡಿಸಿ ನೋಡಿ. ಗ್ಯಾಸ್‌ನಲ್ಲಿ ಪಿಕಪ್ ಕೊಂಚ ಕಡಿಮೆಯಾಗಬಹುದು, ಅಷ್ಟೇ. ಸಿಲಿಂಡರ್, ಹೈ ಪ್ರೆಶರ್ ಪೈಪು ಮತ್ತು ರೆಗ್ಯುಲೇಟರ್‌ಗಳನ್ನು ಮಾತ್ರ ಅಧಿಕೃತ ಕೇಂದ್ರದವರಲ್ಲದೆ ಬೇರಾರೂ ಮುಟ್ಟಬಾರದು. 3 ವರ್ಷಕ್ಕೊಮ್ಮೆ ಆಗಬೇಕಾದ ಸಿಲಿಂಡರ್ ಪರೀಕ್ಷೆಯ ತಾರೀಖನ್ನೂ ಇದೇ ಸಂದರ್ಭದಲ್ಲಿ ನೋಡಿಕೊಳ್ಳಿ.

ಇನ್ನು ವಿಜಯಪುರದ ಮಾತು. ದೋಷ ಸಿಗುವವರೆಗೆ ಈ ಗಾಡಿಯನ್ನು ಸೋಲಾಪುರ ಹೆದ್ದಾರಿಗೆ ಇಳಿಸಬೇಡಿ. ಎಂಜಿನ್ ಬಂದ್ ಆದರೆ ಪವರ್ ಸ್ಟೀರಿಂಗ್ ಭಾರವಾಗುತ್ತದೆ. ಬ್ರೇಕಿನ ಬೂಸ್ಟರ್ ಕೂಡ ಒಂದೆರಡು ಬಾರಿ ತುಳಿಯುವಷ್ಟರಲ್ಲಿ ಬರಿದಾಗುತ್ತದೆ. ಲಾರಿಗಳ ನಡುವೆ ಹಾಗಾಗುವುದು ಬೇಡ.

ಪ್ರಶ್ನೆ: ಆಫೀಸಿಗೆ ಲೋಕಲ್ ಟ್ರೈನ್‌ನಲ್ಲೇ ಹೋಗುವುದರಿಂದ ನನ್ನ 2009ರ ಕಾರು ವಾರವಿಡೀ ಸೊಸೈಟಿಯಲ್ಲೇ ನಿಂತಿರುತ್ತದೆ. ಭಾನುವಾರ ತೆಗೆಯಲು ಹೋದರೆ ಬ್ಯಾಟರಿ ಡೌನ್. ಹೊಸ ಬ್ಯಾಟರಿ ಹಾಕಿಸಿ ಮೂರು ತಿಂಗಳೂ ಆಗಿಲ್ಲ. ಗ್ಯಾರೇಜಿನವರು ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಕಳಚಿ ತೋರಿಸಿ, ಗಾಡಿ ನಿಲ್ಲಲಿಲ್ಲ, ಆದ್ದರಿಂದ ಡೈನಮೋ ಸರಿಯಿದೆ ಎಂದರು. ಮತ್ತೇನು ಕಾರಣ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಆ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಲು ಯಾರಿಗೂ ಬಿಡಬೇಡಿ. ಇಸಿಯು ಇಲ್ಲದ ಕಾಲದ ಗಾಡಿಗಳಿಗೆ ಅದು ಹೇಗೋ ನಡೆಯುತ್ತಿತ್ತು. ಈಗ ಓಡುವ ಎಂಜಿನ್ನಿನಿಂದ ಬ್ಯಾಟರಿಯನ್ನು ಬೇರ್ಪಡಿಸಿದರೆ ಡೈನಮೋದ ವೋಲ್ಟೇಜ್ ಕ್ಷಣಮಾತ್ರ ಹಲವು ಪಟ್ಟು ಚಿಮ್ಮಿ, ಇಸಿಯುವಿನಿಂದ ಹಿಡಿದು ಸ್ಟೀರಿಯೋದವರೆಗೆ ಯಾವುದನ್ನಾದರೂ ಸುಡಬಹುದು. ಡೈನಮೋ ನೋಡಲು ಮೀಟರ್ ಸಾಕು. ರಾತ್ರಿ ಕಳೆದ ಮೇಲೆ ಎಂಜಿನ್ ಬಂದ್ ಇರುವಾಗ ಬ್ಯಾಟರಿಯ ಮೇಲೆ 12.6 ವೋಲ್ಟ್ ಬಂದರೆ ತುಂಬಿದೆ, 12.2 ಬಂದರೆ ಹೆಚ್ಚುಕಡಿಮೆ ಅರ್ಧ, 12ಕ್ಕಿಂತ ಕೆಳಗಿದ್ದರೆ ಬರಿದಾಗುತ್ತಿದೆ. ಎಂಜಿನ್ ಓಡುವಾಗ 13.8ರಿಂದ 14.5ರ ನಡುವೆ ಇರಬೇಕು.

ಚಾರ್ಜಿಂಗ್ ಸರಿಯಿದ್ದೂ ಬ್ಯಾಟರಿ ಬರಿದಾಗುತ್ತಿದ್ದರೆ, ನಿಂತ ಗಾಡಿಯಲ್ಲಿ ಏನೋ ಕರೆಂಟ್ ಕುಡಿಯುತ್ತಿದೆ. ಗಡಿಯಾರ, ರಿಮೋಟ್ ಲಾಕ್, ಇಸಿಯುವಿನ ನೆನಪು ಇವುಗಳಿಗೆ ಸ್ವಲ್ಪ ಬೇಕೇ ಬೇಕು. 50 ಮಿಲಿಆಂಪಿಯರ್‌ವರೆಗೆ ಆಕ್ಷೇಪಿಸುವಂತಿಲ್ಲ. ಆದರೆ ಅದೇ 300 ಆದರೆ ದಿನಕ್ಕೆ 7.2 ಆಂಪಿಯರ್ ಅವರ್ ಹೋಗುತ್ತದೆ, ನಿಮ್ಮಂಥ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿ ವಾರ ತುಂಬುವ ಮೊದಲೇ ಪೂರ್ತಿ ಖಾಲಿ. ಲೆಕ್ಕ ನಿಮ್ಮ ಭಾನುವಾರಕ್ಕೆ ಸರಿಯಾಗಿ ಹೊಂದುತ್ತದೆ.

ಅಳೆಯುವ ಕ್ರಮ ಹೀಗೆ. ಬಾನೆಟ್ ತೆರೆದು, ಬೇಕಾದ ಬಾಗಿಲೊಂದನ್ನು ತೆರೆದಿಟ್ಟು, ಅದರ ಲಾಚನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿದಂತೆ ಮಾಡಿ. ಬ್ಯಾಟರಿಯ ನೆಗೆಟಿವ್ ಕೇಬಲ್ ಕಳಚಿ, ಮೀಟರನ್ನು 10 ಆಂಪಿಯರ್ ಸಾಕೆಟ್‌ಗೆ ಹಾಕಿ, ಕೇಬಲ್ಲಿಗೂ ಬ್ಯಾಟರಿಯ ತುದಿಗೂ ನಡುವೆ ಸೇರಿಸಿ. ಈ ಸ್ಥಿತಿಯಲ್ಲಿ ಕೀಲಿಯನ್ನು ತಿರುಗಿಸಲೇಬಾರದು. ಮೊದಲ ಅಂಕಿ ನೋಡಿ ಗಾಬರಿಯಾಗಬೇಡಿ; ಕೆಲವು ಗಾಡಿಗಳ ಕಂಟ್ರೋಲ್ ಯೂನಿಟ್‌ಗಳು ಮಲಗಲು ಅರ್ಧ ಗಂಟೆಯನ್ನೂ ತೆಗೆದುಕೊಳ್ಳುತ್ತವೆ. ಆಮೇಲೂ ಅಂಕಿ ಇಳಿಯದಿದ್ದರೆ ಫ್ಯೂಸ್‌ಗಳನ್ನು ಒಂದೊಂದಾಗಿ ಕೀಳುವವರು ಬಹಳ. ಕಿತ್ತು ಮತ್ತೆ ಹಾಕಿದಾಗ ಮಲಗಿದ್ದ ಯೂನಿಟ್ ಎಚ್ಚರವಾಗಿ ಲೆಕ್ಕ ಕೆಡುತ್ತದೆ. ಅದರ ಬದಲು, ಪ್ರತಿ ಫ್ಯೂಸಿನ ನೆತ್ತಿಯ ಮೇಲೆ ಕಾಣುವ ಎರಡು ಲೋಹದ ಚುಕ್ಕೆಗಳ ನಡುವೆ ಮೀಟರನ್ನು ಮಿಲಿವೋಲ್ಟ್‌ನಲ್ಲಿಟ್ಟು ಮುಟ್ಟಿಸಿ. ಸೊನ್ನೆ ಬಂದರೆ ಅದರಲ್ಲಿ ಕರೆಂಟ್ ಹರಿಯುತ್ತಿಲ್ಲ. ಒಂದಿಷ್ಟಾದರೂ ಅಂಕಿ ಬಂದ ಫ್ಯೂಸಿನ ದಾರಿಯನ್ನು ಹಿಡಿದು ಹೋಗಿ.

ಸಾಮಾನ್ಯವಾಗಿ ಸಿಕ್ಕಿಬೀಳುವುದು ಹೊರಗಿನಿಂದ ಹಾಕಿಸಿದ ಸ್ಟೀರಿಯೋ ಮತ್ತು ಅಲಾರಂ. ಡಿಕ್ಕಿಯ ದೀಪ ಆರುತ್ತದೆಯೇ ಎಂದು ತಿಳಿಯಲು ಮೊಬೈಲ್‌ನ ವೀಡಿಯೊ ಆನ್ ಮಾಡಿ ಒಳಗಿಟ್ಟು ಮುಚ್ಚಿ ನೋಡಿ. ಯಾವ ಫ್ಯೂಸಿನಲ್ಲೂ ಸುಳಿವು ಸಿಗದಿದ್ದರೆ ಡೈನಮೋದೊಳಗಿನ ಡಯೋಡ್ ಸೋರುತ್ತಿರಬಹುದು. ಹಗಲು ಚೆನ್ನಾಗಿ ಚಾರ್ಜ್ ಮಾಡುವ ಡೈನಮೋವೇ ರಾತ್ರಿ ಕರೆಂಟ್ ಹಿಂದಕ್ಕೆ ಎಳೆಯುವುದು ಅಪರೂಪವೇನಲ್ಲ. ಸೋರಿಕೆ ನಿಂತ ಮೇಲೂ, ಭಾನುವಾರ ಸ್ಟೇಷನ್ ಪಕ್ಕದ ಮಾರ್ಕೆಟ್ಟಿಗೆ ಹೋಗಿಬರುವಷ್ಟರಲ್ಲಿ ವಾರದ ಖರ್ಚು ತುಂಬುವುದಿಲ್ಲ. ಒಮ್ಮೆಯಾದರೂ ಕಲ್ಯಾಣ್–ಶಿಳ್ ರಸ್ತೆಯಲ್ಲಿ ಮುಕ್ಕಾಲು ಗಂಟೆ ಓಡಿಸಿ.

ಪ್ರಶ್ನೆ: ನನ್ನ 1999ರ ಕಾರಿನಲ್ಲಿ ರಾತ್ರಿ ಬ್ರೇಕ್ ಒತ್ತಿದರೆ ಬಲಗಡೆಯ ಇಂಡಿಕೇಟರ್ ಮಂಕಾಗಿ ಹೊತ್ತುತ್ತದೆ, ಡ್ಯಾಶ್‌ಬೋರ್ಡಿನ ಬಾಣವೂ ಬೆಳಗುತ್ತದೆ. ಅದೂ ಅಲ್ಲದೆ ಹೆಡ್‌ಲೈಟ್ ಹಾಕಿದ ಕೂಡಲೇ ಟೆಂಪರೇಚರ್ ಮುಳ್ಳು ಮತ್ತು ಪೆಟ್ರೋಲ್ ಮುಳ್ಳು ಎರಡೂ ಮೇಲೇರುತ್ತವೆ. ಮೆಕ್ಯಾನಿಕ್ ಟೆಂಪರೇಚರ್ ಸೆನ್ಸರ್ ಬದಲಿಸಬೇಕು ಎನ್ನುತ್ತಾರೆ. ಊರಿಗೆ ಹೋಗಲು ಅನಮೋಡ್ ಘಾಟಿ ಹತ್ತಬೇಕಾದ್ದರಿಂದ ಚಿಂತೆಯಾಗಿದೆ.
– ಓದುಗರೊಬ್ಬರು, ವಾಸ್ಕೊ, ಗೋವೆ

ಉತ್ತರ: ಸೆನ್ಸರ್ ಬದಲಿಸಬೇಡಿ. ಹೆಡ್‌ಲೈಟ್ ಹಾಕಿದ ಮಾತ್ರಕ್ಕೆ ಟ್ಯಾಂಕಿನಲ್ಲಿ ಪೆಟ್ರೋಲ್ ಹೆಚ್ಚುವುದಿಲ್ಲ. ಸಂಬಂಧವೇ ಇಲ್ಲದ ಎರಡು ಮುಳ್ಳುಗಳು ಒಟ್ಟಿಗೆ ಕದಲಿದರೆ, ದೋಷ ಅವೆರಡಕ್ಕೂ ಸಮಾನವಾದದ್ದರಲ್ಲಿ ಇರುತ್ತದೆ. ಇಲ್ಲಿ ಸಮಾನವಾದದ್ದು ಮೀಟರ್ ಪ್ಯಾನೆಲ್ಲಿನ ಅರ್ಥಿಂಗ್ ಮತ್ತು ಆ ಮುಳ್ಳುಗಳಿಗೆ ಸ್ಥಿರ ವೋಲ್ಟೇಜ್ ಕೊಡುವ ರೆಗ್ಯುಲೇಟರ್. ಅರ್ಥಿಂಗ್ ಸಡಿಲವಾಗಿದ್ದಾಗ ಲೈಟಿನ ಹೊರೆ ಬಿದ್ದರೆ ಆ ಸ್ಥಿರತೆ ತಪ್ಪುತ್ತದೆ, ಮುಳ್ಳುಗಳು ಸುಳ್ಳು ಹೇಳುತ್ತವೆ. ಆದರೂ ಘಾಟಿ ಹತ್ತುವ ಮೊದಲು ರೇಡಿಯೇಟರ್ ನೀರನ್ನು ನೋಡಿಕೊಳ್ಳುವುದು ಕ್ಷೇಮ. ಮುಳ್ಳು ಸುಳ್ಳು ಹೇಳುತ್ತಿರುವಷ್ಟು ದಿನ ನಿಜವಾದ ಬಿಸಿಯೂ ಗೊತ್ತಾಗುವುದಿಲ್ಲ.

ಹಿಂದಿನ ದೀಪದ ಕಥೆಯೂ ಅದೇ ಜಾತಿಯದು. ಟೈಲ್ ಲ್ಯಾಂಪಿನ 21 ವ್ಯಾಟ್‌ನ ಬ್ರೇಕ್ ದೀಪ, 5 ವ್ಯಾಟ್‌ನ ಪಾರ್ಕಿಂಗ್ ದೀಪ ಮತ್ತು ಇಂಡಿಕೇಟರ್, ಈ ಎಲ್ಲವೂ ಕರೆಂಟನ್ನು ಹಿಂದಿರುಗಿಸುವುದು ಒಂದೇ ಕಪ್ಪು ವೈರಿನ ಮೂಲಕ. ಆ ವೈರು ಕಾರಿನ ಲೋಹದ ಬಾಡಿಯನ್ನು ಸೇರುವಲ್ಲಿ ತುಕ್ಕು ಹಿಡಿದರೆ, ಬ್ರೇಕ್ ದೀಪದ ಕರೆಂಟ್ ಬೇರೆ ದಾರಿ ಹುಡುಕುತ್ತಾ ಇಂಡಿಕೇಟರ್‌ನ ತಂತುವಿನೊಳಗೆ ಹಿಮ್ಮುಖವಾಗಿ ನುಗ್ಗಿ, ಮುಂದಿನ ಇಂಡಿಕೇಟರ್ ಮತ್ತು ಡ್ಯಾಶ್‌ಬೋರ್ಡಿನ ಬಾಣದ ಮೂಲಕ ಅಲ್ಲಿನ ಅರ್ಥಿಂಗನ್ನು ಸೇರುತ್ತದೆ. ಹಾದಿಯಲ್ಲಿರುವ ಬಲ್ಬುಗಳೆಲ್ಲ ಮಂಕಾಗಿ ಹೊತ್ತುವುದು ಇದರಿಂದಲೇ. ಖಚಿತಪಡಿಸಿಕೊಳ್ಳಲು, ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೂ, ಇನ್ನೊಂದನ್ನು ಉದ್ದನೆಯ ವೈರಿನ ನೆರವಿನಿಂದ ಟೈಲ್ ಲ್ಯಾಂಪಿನ ಅರ್ಥಿಂಗ್ ಪಿನ್ನಿಗೂ ಮುಟ್ಟಿಸಿ, ಬ್ರೇಕ್ ಒತ್ತಿಸಿ. 0.1 ಅಥವಾ 0.2 ವೋಲ್ಟ್ ಬಂದರೆ ಸರಿ. ಅದು ವೋಲ್ಟ್‌ಗಳ ಲೆಕ್ಕದಲ್ಲಿ ಬಂದರೆ ಅರ್ಥಿಂಗ್ ಹೋಗಿದೆ. ದೀಪ ಹೊತ್ತಿಸದೆ ಓಮ್‌ನಲ್ಲಿ ಅಳೆದರೆ ಈ ದೋಷ ಸಿಗುವುದಿಲ್ಲ. ಒಂದೇ ಎಳೆ ಹಿಡಿದಿದ್ದರೂ ಮೀಟರ್ ಎಲ್ಲ ಸರಿಯಿದೆ ಎನ್ನುತ್ತದೆ, ಏಕೆಂದರೆ ಅದು ಕಳಿಸುವ ಕರೆಂಟ್ ಅತ್ಯಲ್ಪ.

ಸಮುದ್ರದ ಪಕ್ಕದ ವಾಸ್ಕೊದಲ್ಲಿ ಉಪ್ಪುಗಾಳಿ ವೈರಿನ ಬಾಯಿಂದ ಒಳಹೊಕ್ಕು ಪ್ಲಾಸ್ಟಿಕ್ ಹೊದಿಕೆಯ ಕೆಳಗೇ ತಾಮ್ರವನ್ನು ತಿನ್ನುತ್ತದೆ. ರಿಂಗ್ ಟರ್ಮಿನಲ್ ಹೊಸದು ಹಾಕುವಾಗ ತಾಮ್ರ ಕೆಂಪಾಗಿ ಹೊಳೆಯುವ ಜಾಗ ಸಿಗುವವರೆಗೆ ವೈರನ್ನು ಹಿಂದಕ್ಕೆ ಕತ್ತರಿಸಬೇಕು. ಬೋಲ್ಟ್ ಕೂರುವಲ್ಲಿ ಬಣ್ಣವನ್ನು ಸ್ಯಾಂಡ್ ಪೇಪರ್‌ನಿಂದ ತಿಕ್ಕಿ, ಬಿಗಿಯಾಗಿ ಕೂರಿಸಿದ ನಂತರ ಮೇಲಿನಿಂದ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಮೀಟರ್ ಪ್ಯಾನೆಲ್ಲಿನ ಅರ್ಥಿಂಗ್ ಬೋಲ್ಟಿಗೂ, ಬ್ಯಾಟರಿಯಿಂದ ಬಾಡಿಗೆ ಮತ್ತು ಎಂಜಿನ್ನಿಗೆ ಹೋಗುವ ದಪ್ಪ ಪಟ್ಟಿಗಳಿಗೂ ಅದೇ ದಿನ ಇದೇ ಉಪಚಾರವಾಗಲಿ.

ಪ್ರಶ್ನೆ: ಮೊಬೈಲಿಗೆ ಜೋಡಿಸುವ ಬ್ಲೂಟೂತ್ ಸ್ಕ್ಯಾನರ್ ನನ್ನ 2004ರ ಕಾರಿಗೆ ಉಪಯೋಗವಾದೀತೆ?
– ಓದುಗರೊಬ್ಬರು, ಮುಲುಂಡ್

ಉತ್ತರ: ಕೊಳ್ಳುವ ಮೊದಲು ಯಾರಿಂದಲಾದರೂ ತಂದು ಪರೀಕ್ಷಿಸಿ. ಕಾರು ತನ್ನ ದೋಷವನ್ನು ತಾನೇ ಗುರುತಿಸಿ ಕೋಡ್ ದಾಖಲಿಸುವ ಒಬಿಡಿ ವ್ಯವಸ್ಥೆ ನಮ್ಮಲ್ಲಿ ಕಡ್ಡಾಯವಾಗಿ ಬಂದದ್ದು ಬಿಎಸ್-4 ಎಂಬ ಹೊಗೆ ಮಾನದಂಡದ ಕಾರುಗಳಿಗೆ, 2010ರ ಏಪ್ರಿಲ್‌ನಿಂದ. ಅದರ ಎರಡನೆಯ ಹಂತ 2013ರ ಏಪ್ರಿಲ್‌ನಿಂದ. ಅದಕ್ಕಿಂತ ಹಿಂದಿನ ಕಾರುಗಳಲ್ಲಿ ಸ್ಟೀರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇದ್ದರೂ, ಒಳಗಿನ ಮಾತುಕತೆ ಆಯಾ ಕಂಪನಿಯದೇ ಕ್ರಮದಲ್ಲಿ ನಡೆಯುವುದರಿಂದ ಅಗ್ಗದ ಸ್ಕ್ಯಾನರ್‌ಗೆ ಏನೂ ಕೇಳಿಸದಿರಬಹುದು.

ಸಂಪರ್ಕ ಸಿಕ್ಕಿದರೆ ಕೋಡ್‌ಗಿಂತ ಲೈವ್ ಡೇಟಾವನ್ನು ಹೆಚ್ಚು ನೋಡಿ. ಬೆಳಿಗ್ಗೆ ಗಾಡಿ ತೆಗೆಯುವ ಮೊದಲು, ಕೀಲಿ ಆನ್ ಮಾಡಿ ಕೂಲಂಟ್ ತಾಪಮಾನ ಮತ್ತು ಒಳಗೆಳೆಯುವ ಗಾಳಿಯ ತಾಪಮಾನಗಳನ್ನು ಓದಿ. ರಾತ್ರಿಯಿಡೀ ನಿಂತ ಕಾರಿನಲ್ಲಿ ಇವೆರಡೂ ಹೊರಗಿನ ಹವೆಗೆ ಹತ್ತಿರವಾಗಿ, ಪರಸ್ಪರ ಕೆಲವೇ ಡಿಗ್ರಿ ಅಂತರದಲ್ಲಿರಬೇಕು. ಮುಂಬಯಿಯ 27 ಡಿಗ್ರಿ ಬೆಳಗಿನಲ್ಲಿ ಕೂಲಂಟ್ ಮೈನಸ್ 40 ಎಂದು ತೋರಿಸಿದರೆ ಸೆನ್ಸರ್‌ನ ಸರ್ಕ್ಯೂಟ್ ಎಲ್ಲೋ ತುಂಡಾಗಿದೆ. ಆಗ ಕಪ್ಲರ್ ಕಳಚಿ, ಅದರ ಎರಡೂ ಪಿನ್ನುಗಳನ್ನು ಸಣ್ಣ ವೈರಿನಿಂದ ಕ್ಷಣಕಾಲ ಜೋಡಿಸಿ. ಅಂಕಿ ಒಮ್ಮೆಲೇ 120–130ರ ಆಚೆ ಹಾರಿದರೆ ವೈರಿಂಗ್ ಮತ್ತು ಇಸಿಯು ಎರಡೂ ಸರಿ, ಸೆನ್ಸರ್ ಅಥವಾ ಅದರ ಪಿನ್ನಿನಲ್ಲೇ ದೋಷ. ಕದಲದೆ ಮೈನಸ್ 40ರಲ್ಲೇ ನಿಂತರೆ ಹೊಸ ಸೆನ್ಸರ್‌ಗೆ ದುಡ್ಡು ಸುರಿಯದೆ ವೈರನ್ನು ಹುಡುಕಿ. ಈ ಪರೀಕ್ಷೆ ಎರಡು ವೈರಿನ ತಾಪಮಾನ ಸೆನ್ಸರ್‌ಗೆ ಮಾತ್ರ. 5 ವೋಲ್ಟ್ ಹಂಚಿಕೊಳ್ಳುವ ಮೂರು ವೈರಿನ ಸೆನ್ಸರ್‌ಗಳಲ್ಲಿ ಪಿನ್ನುಗಳನ್ನು ಹೀಗೆ ಜೋಡಿಸಬೇಡಿ.

ಹಣ ಒಂದಕ್ಕೇ ಇದ್ದರೆ ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ ಮಲ್ಟಿಮೀಟರ್ ಕೊಳ್ಳಿ. ಸ್ಕ್ಯಾನರ್ ಕೊಂಡರೂ, ಕೋಡ್‌ಗಳನ್ನು ಬರೆದಿಟ್ಟುಕೊಳ್ಳದೆ ಅಳಿಸುವ ಗುಂಡಿಯನ್ನು ಒತ್ತಬೇಡಿ. ದೋಷ ದಾಖಲಾದ ಹೊತ್ತಿನಲ್ಲಿ ಎಂಜಿನ್ನಿನ ವೇಗ, ಬಿಸಿ, ಹೊರೆ ಎಷ್ಟಿದ್ದವೆಂಬ ಮಾಹಿತಿ ಇದ್ದರೆ ಅದೂ ಕೋಡ್ ಜೊತೆಗೇ ಅಳಿಸಿಹೋಗುತ್ತದೆ.